ಎಂಟು ಫ್ರೇಮ್ ಮೊದಲೇ ಕತ್ತಲು

ನವೆಂಬರ್ 4, ಮಂಗಳವಾರ. ಬೆಳಿಗ್ಗೆ 9.40

ಶಾಟ್ 88ರ ಧೂಳು ಕಡಿಮೆ ಮಾಡಿದ್ದಾಯಿತು. 91ರಲ್ಲಿ ಸೈಕಲ್ ಚಕ್ರದ ಹೊಳಪು ಹೆಚ್ಚಾಯಿತೆಂದು ವಾಪಸ್ ಬಂದಿತ್ತು — ಇಳಿಸಿದೆ. 93 ಹಾಗೇ ಇರಲಿ. 93 ಚೆನ್ನಾಗಿದೆ. ಯಾರೂ ಹೇಳಲಿಲ್ಲ, ಹಾಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಪ್ರೊಡಕ್ಷನ್ ಡೆಸ್ಕಿನ ಹಿರುಕಾವಾ-ಸಾನ್ ಬಂದು ಬೆನ್ನ ಹಿಂದೆ ನಿಂತು ಪರದೆ ನೋಡಿದರು.

"ತೊಬಾರಿ-ಸಾನ್, ಈ ಅಂಗಡೀಲಿ ಇಷ್ಟೊಂದು ಧೂಳು ಯಾಕ್ರೀ? ಪೊರಕೆ ತಂದ್ಕೊಡ್ಲಾ?"

"ಸತ್ತವನ ಅಂಗಡಿ ಅದು. ಗುಡಿಸೋರು ಯಾರು?"

"ನಿಮ್ಮ ಟೇಬಲ್ಲೂ ಹಂಗೇ ಇದೆ. ನೀವು ಬದುಕೇ ಇದೀರಲ್ಲ."

ನಕ್ಕೆ. ಆಮೇಲೆ ಅವರು ನಿಜವಾಗಿ ಹೇಳಲು ಬಂದಿದ್ದನ್ನು ಹೇಳಿದರು. ಅಸಾಬಾ ಡೈರೆಕ್ಟರ್ ಮುಂದಿನ ವರ್ಷ ಶುರುವಾಗುವ ಅನಿಮೇಷನ್ ಸಿನಿಮಾಕ್ಕೆ ತಂಡದ ಪಟ್ಟಿ ಬರೆದಿದ್ದಾರಂತೆ. ಶಬ್ದಕ್ಕೆ ಕುಶಿದಾ.

"ಕ್ಯಾಮೆರಾಗೆ?"

"ಖಾಲಿ ಬಿಟ್ಟಿದಾರೆ. ಹನ್ನೊಂದನೇ ಎಪಿಸೋಡ್ ಹೆಂಗೆ ಬರುತ್ತೆ ನೋಡಿ ಬರೀತಾರಂತೆ. ಬೇರೆ ಸ್ಟುಡಿಯೋದವರನ್ನೂ ಕರೆಸಿ ಮಾತಾಡಿದ್ರು."

ಅಸಾಬಾ ಜೊತೆ ಕ್ಯಾಮೆರಾದಲ್ಲಿ ನನ್ನದು ಹನ್ನೊಂದು ವರ್ಷ, ಆರು ಸರಣಿ. ಕುಶಿದಾನದು ಒಂದು ಸರಣಿ, ಏಳು ತಿಂಗಳು.

ಖಾಲಿ ಬಿಟ್ಟಿದ್ದಾರೆ.

ನವೆಂಬರ್ 6, ಗುರುವಾರ. ಸಂಜೆ 6.15

ಹನ್ನೊಂದನೇ ಕಂತಿನ ಎಡಿಟಿಂಗ್ ಮುಗಿಯಿತು. ಇನ್ನು ಯಾವ ಶಾಟಿನ ಉದ್ದವನ್ನೂ ಮುಟ್ಟುವಂತಿಲ್ಲ. ಶಾಟಿನ ಒಳಗಿನ ಸಮಯವನ್ನೂ ಮುಟ್ಟುವಂತಿಲ್ಲ — ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ನಮ್ಮ ಚಿತ್ರ ಪೂರ್ತಿಯಾಗುವ ಮೊದಲೇ ಶಬ್ದದವರು ಅದರ ಮೇಲೆ ಕೆಲಸ ಶುರುಮಾಡುತ್ತಾರೆ. ಅವರು ಗಂಟು ಹಾಕಿದ ಫ್ರೇಮನ್ನು ಆಮೇಲೆ ನಾವು ಸರಿಸಿದರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಫ್ರೇಮನ್ನೂ ಸರಿಸಿಲ್ಲ ನಾನು.

ಈ ಕಂತು ನಿಂತಿರುವುದು ಶಾಟ್ 214ರ ಮೇಲೆ. ನಾಗಿ ಎಂಬ ಹುಡುಗಿ, ತೀರಿಕೊಂಡ ಅಣ್ಣನ ಸೈಕಲ್ ರಿಪೇರಿ ಅಂಗಡಿಯನ್ನು ಕೊನೆಯ ಸಲ ಮುಚ್ಚುತ್ತಾಳೆ. ನಮಗೆ ಅವಳ ಬೆನ್ನು ಕಾಣುತ್ತದೆ. ಮೇಲೆ ಟ್ಯೂಬ್‌ಲೈಟು, ಅದರಿಂದ ಇಳಿಬಿದ್ದ ದಾರ. ದಾರ ಎಳೆಯುತ್ತಾಳೆ. ಕತ್ತಲು. ಷಟರಿನ ಸಂದಿಯಿಂದ ಒಂದು ಗೆರೆ ಬೆಳಕು. ಹನ್ನೆರಡು ಸೆಕೆಂಡು.

ಅದರಲ್ಲಿ ಮೊದಲ ಎಂಟು ಸೆಕೆಂಡು ಅವಳ ಬೆನ್ನಿನ ಕಡೆಗೆ ಮೆಲ್ಲನೆ ಸರಿಯುತ್ತೇನೆ. ಸರಿಯುತ್ತಿದೆ ಎಂದು ನೋಡುವವರಿಗೆ ತಿಳಿಯಬಾರದು. ಹತ್ತಿರ ಬಂದಿದ್ದೇವೆ ಎಂದು ಮಾತ್ರ ತಿಳಿಯಬೇಕು, ಅದೂ ತಡವಾಗಿ. ನನಗೆ ಏನಾದರೂ ಬರುತ್ತದೆ ಎಂದಾದರೆ ಅದು ಇದು.

ನವೆಂಬರ್ 9, ಭಾನುವಾರ. ಬೆಳಿಗ್ಗೆ 11.00

ತಕಾಒಕಾದಿಂದ ಅಕ್ಕನ ಫೋನು. ಹಲ್ಲಿನ ಡಾಕ್ಟರ ಹತ್ತಿರ "ನನ್ನ ತಂಗಿ ಕ್ಯಾಮೆರಾ ಹಿಡೀತಾಳೆ" ಎಂದು ಹೇಳಿಕೊಂಡಳಂತೆ.

"ಕ್ಯಾಮೆರಾನೇ ಇಲ್ಲ ಅಕ್ಕ ನಮ್ಮಲ್ಲಿ. ಎಷ್ಟು ಸಲ ಹೇಳ್ಲಿ."

"ಮತ್ತೆ ಕ್ಯಾಮೆರಾ ಕೆಲಸ ಅಂತೀಯ?"

"ಬೇರೆಯವರು ಬರೆದ ಚಿತ್ರ ಕಂಪ್ಯೂಟರಲ್ಲಿ ಒಂದರ ಮೇಲೊಂದು ಇಟ್ಟು ಬೆಳಕು ಹಾಕ್ತೀನಿ. ಹತ್ರ ಹೋಗೋ ಥರ, ದೂರ ಸರಿಯೋ ಥರ ಮಾಡ್ತೀನಿ."

"ಅಂದ್ರೆ ಇಲ್ದಿರೋ ಕ್ಯಾಮೆರಾನ ಅಲ್ಲಾಡಿಸ್ತೀಯ."

"ಹೂಂ."

"ಅದಕ್ಕೇ ಕಣೇ ನಿಂಗೆ ಬೆನ್ನು ನೋವು."

ಐದನೇ ಕಂತು ನೋಡಿದಳಂತೆ. ಕಪ್ಪೆಗಳು ಕೂಗುವುದು ಎಷ್ಟು ಚೆನ್ನಾಗಿತ್ತು, ನಮ್ಮ ಮಾವನ ಮನೆ ಹಿಂದೆ ಕೂತ ಹಾಗೇ ಆಯ್ತು ಎಂದಳು. ಕಪ್ಪೆ ಕುಶಿದಾನದು. ಗದ್ದೆಯ ನೀರಿನಲ್ಲಿ ಸಂಜೆ ಕರಗುವುದು ನನ್ನದು, ನಾಲ್ಕು ದಿನದ ಕೆಲಸ.

"ಗದ್ದೆ ಹೆಂಗಿತ್ತು?" ಕೇಳಿದೆ.

"ಗದ್ದೆ ಇತ್ತಾ?"

ನವೆಂಬರ್ 13, ಗುರುವಾರ. ಮಧ್ಯಾಹ್ನ 4.30

ಧ್ವನಿಮುದ್ರಣ. ನಾನು ಹೋಗಬೇಕಾಗಿರಲಿಲ್ಲ. ಹೋದೆ.

ಪರದೆಯ ಮೇಲೆ ಅರ್ಧಕ್ಕರ್ಧ ಚಿತ್ರ ಇರಲಿಲ್ಲ. ಬಿಳಿ ಹಾಳೆ, ಪೆನ್ಸಿಲ್ ಗೆರೆ, ಮಾತು ಬರುವಲ್ಲಿ ಬಣ್ಣದ ಪಟ್ಟಿ — ನಾಗಿಗೆ ಕೆಂಪು, ಪಕ್ಕದ ಮನೆಯ ಮುದುಕನಿಗೆ ನೀಲಿ. ಪಟ್ಟಿ ಇರುವಷ್ಟು ಹೊತ್ತು ನಟರು ಮಾತಾಡಬೇಕು. ನಾಗಿಯ ಪಾತ್ರದ ಹುಡುಗಿ ಕೆಂಪು ಪಟ್ಟಿಯನ್ನು ನೋಡುತ್ತ "ಇನ್ನು ಹೋಗ್ತೀನಿ ಅಣ್ಣ" ಎಂದಳು. ಕಂಟ್ರೋಲ್ ರೂಮಿನಲ್ಲಿ ಇಬ್ಬರು ಮೂಗು ಒರೆಸಿಕೊಂಡರು. ಕೆಂಪು ಪಟ್ಟಿಗೆ ಅಳು! ನನ್ನ ಬೆಳಕು ಬರುವ ಮೊದಲೇ ಅತ್ತು ಮುಗಿಸುತ್ತಾರೆ ಇವರು.

ಕುಶಿದಾ ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಮೂವತ್ತೆಂಟು ವಯಸ್ಸು. ಒಂದೇ ಕಂದು ಸ್ವೆಟರು. ಹೆಜ್ಜೆ, ಬಾಗಿಲು, ಗಾಳಿ, ಕಪ್ಪೆ ಎಲ್ಲ ಇವನೇ ಹುಡುಕಿ ತರುತ್ತಾನೆ. ನಾನು ಮಾಡಿದ ಯಾವುದನ್ನೂ ಇವನು ಕಣ್ಣು ಬಿಟ್ಟು ನೋಡಿದ್ದು ನಾನು ಕಂಡಿಲ್ಲ.

ಮುಗಿದ ಮೇಲೆ ಅಸಾಬಾ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡರು. ಕುಶಿದಾ ಹೇಳಿದ:

"ಡೈರೆಕ್ಟ್ರೇ, 214ರಲ್ಲಿ ಕ್ಯಾಮೆರಾ ನಿಂತೇ ಇದ್ರೆ ಹೇಗೆ?"

"ಯಾಕೆ?" ನಾನು ಕೇಳಿದೆ. ಅವನು ನನಗಲ್ಲ ಹೇಳಿದ್ದು.

"ತಪ್ಪು ತಿಳ್ಕೋಬೇಡಿ ತೊಬಾರಿ-ಸಾನ್. ಕ್ಯಾಮೆರಾ ಹತ್ರ ಹೋಗುತ್ತೆ ಅಂದ್ರೆ ಯಾರೋ ಅವಳ ಹತ್ರ ಹೋಗ್ತಿದಾರೆ ಅಂತ ಅರ್ಥ ಆಗುತ್ತೆ ಅಲ್ವಾ. ಅಂಗಡೀಲಿ ಯಾರೂ ಇಲ್ಲ. ಹತ್ರ ಬರೋರು ಯಾರೂ ಇಲ್ಲ ಅನ್ನೋದೇ ಅಲ್ವಾ ಕಥೆ."

"ನೋಡೋರು ಹತ್ರ ಹೋಗ್ತಾರೆ."

"ನೋಡೋರು ಹೋಗಕ್ಕೆ ಆಗ್ಬಾರ್ದು. ಆಗ ಕೇಳಿಸ್ಕೊಳಕ್ಕೆ ಶುರು ಮಾಡ್ತಾರೆ."

ಅಸಾಬಾ ಪೆನ್ಸಿಲಿನಿಂದ ಹಣೆ ಕೆರೆದುಕೊಂಡರು. ಹಣೆ ಕೆರೆದುಕೊಂಡರೆ ಅವರು ಒಪ್ಪಿಯಾಗಿದೆ ಎಂದರ್ಥ. ಹನ್ನೊಂದು ವರ್ಷಕ್ಕೆ ಅಷ್ಟಾದರೂ ಗೊತ್ತು ನನಗೆ.

ನವೆಂಬರ್ 14, ಶುಕ್ರವಾರ. 10.05

ಅಸಾಬಾ ಅವರ ತಿದ್ದುಪಡಿಯ ರೀಟೇಕ್ ಹಾಳೆ ಬಂತು. "214: ಕ್ಯಾಮೆರಾ ಚಲನೆ ಬೇಡ." ಅವರ ಸಹಿ. ಸಹಿಯ ಪಕ್ಕ ಚಿಕ್ಕದಾಗಿ "ಕ್ಷಮಿಸು."

ಅವನು ಹೇಳಿದ್ದು ಸರಿ. ಅದನ್ನು ಇಲ್ಲಿ ಒಮ್ಮೆ ಬರೆಯುತ್ತೇನೆ, ಮತ್ತೆ ಬರೆಯುವುದಿಲ್ಲ.

ನವೆಂಬರ್ 25, ಮಂಗಳವಾರ. ಮಧ್ಯಾಹ್ನ 3.00

ಹನ್ನೊಂದು ದಿನ ಬರೆದಿಲ್ಲ. ಬರೆಯಲು ಕೂತರೆ ಒಂದೇ ಹೆಸರು.

ಇವತ್ತು ಮಿಕ್ಸಿಂಗ್, ಚಿತ್ರಕ್ಕೆ ಸದ್ದೆಲ್ಲ ಸೇರಿಸುವುದು. ಚಿತ್ರ ಬಹುಪಾಲು ಸಿದ್ಧ. 214 ಕೂಡ ಇತ್ತು — ನಿಂತ ಕ್ಯಾಮೆರಾ, ನನ್ನ ಬೆಳಕು. ಷಟರಿನ ಸಂದಿಯ ಬಣ್ಣ ಮಾತ್ರ ಸ್ವಲ್ಪ ಹಸಿರಾಗಿದೆ, ಮತ್ತೆ ಮಾಡಬೇಕು.

ಕಂತು ಓಡಿತು. ಅಂಗಡಿಯ ದೃಶ್ಯಗಳಲ್ಲಿ ಕುಶಿದಾ ಏನೂ ವಿಶೇಷ ಹಾಕಿದಂತೆ ಕಾಣಲಿಲ್ಲ. ಸ್ಪ್ಯಾನರ್, ಚೈನು, ದೂರದಲ್ಲಿ ರೈಲು. ಇಷ್ಟೇನಾ ಅಂದುಕೊಂಡೆ. ಖುಷಿಯಾಯಿತು ಎಂದೇ ಬರೆಯಬೇಕು, ಖುಷಿಯೇ ಆಯಿತು.

214 ಬಂತು. ನಾಗಿ ದಾರ ಎಳೆದಳು. ಟಕ್. ಕತ್ತಲು.

ಆಗ ಗೊತ್ತಾಯಿತು. ಏನೋ ನಿಂತುಹೋಯಿತು. ಟ್ಯೂಬ್‌ಲೈಟಿನ ಗುಂಯ್ ಎನ್ನುವ ಸದ್ದು. ಕಂತಿನ ಮೊದಲ ದೃಶ್ಯದಿಂದ ಅಂಗಡಿಯಲ್ಲಿ ಅದು ಇತ್ತು. ಇಪ್ಪತ್ತು ನಿಮಿಷ ಕೇಳುತ್ತಲೇ ಇದ್ದೆ, ಕೇಳುತ್ತಿದ್ದೇನೆಂದು ತಿಳಿಯಲಿಲ್ಲ. ನಿಂತ ಮೇಲೆ ತಿಳಿಯಿತು ಇತ್ತು ಎಂದು. ಅಣ್ಣ ಎಂದರೆ ಅದು. ಮನೆಯಲ್ಲಿ ಒಬ್ಬರಿರುವುದು ಎಂದರೆ ಅದು.

ನನ್ನ ತೋಳಿನ ಕೂದಲು ನಿಂತವು. ನನ್ನ ತೋಳಿನ ಮೇಲೆ ನನಗೆ ಸಿಟ್ಟು ಬಂತು.

 ಹಿರುಕಾವಾ-ಸಾನ್ "ಅಯ್ಯೋ, ನಮ್ಮಜ್ಜಿ ಮನೆ ಅಡುಗೆಮನೆ" ಎಂದು ಎದ್ದು ಹೊರಗೆ ಹೋದರು.

"ಎಲ್ಲಿ ಸಿಕ್ತು ಇದು?" ಅಸಾಬಾ ಕೇಳಿದರು.

"ಮಿತಾಕಾದಲ್ಲಿ ಒಂದು ಹಳೇ ಸೈಕಲ್ ಅಂಗಡಿ, ಡೈರೆಕ್ಟ್ರೇ. ಮೂರು ಅಂಗಡಿ ಸುತ್ತಿದೆ. ಮೊದಲನೆಯದು ತುಂಬಾ ಜೋರು, ಎರಡನೆಯವರು ಎಲ್‌ಇಡಿ ಹಾಕ್ಸಿಬಿಟ್ಟಿದ್ರು. ಮೂರನೆಯವರ ಹತ್ರ ಅರ್ಧ ದಿನ ಕೂತೆ. ಪಾಪ, ನಾನು ಪಂಕ್ಚರ್ ಹಾಕ್ಸಕ್ಕೆ ಬಂದಿದೀನಿ ಅಂತ ಸೈಕಲ್ ಎಲ್ಲಿ, ಸೈಕಲ್ ಎಲ್ಲಿ ಅಂತ ಹುಡುಕ್ತಿದ್ರು."

ಎಲ್ಲರೂ ನಕ್ಕರು. ನಾನೂ. ಎಷ್ಟು ಸುಲಭವಾಗಿ ಹೇಳುತ್ತಾನೆ! ಅಸಾಬಾ ಅವನ ಭುಜಕ್ಕೆ ಗುದ್ದಿದರು. ನನ್ನ ಭುಜಕ್ಕೆ ಅವರು ಗುದ್ದಿದ್ದು 2017ರಲ್ಲಿ, ಒಂದು ಸಲ.

ಬೆಳಕನ್ನು ಆರಿಸಿದ್ದು ನಾನು. ಆರಿದ್ದು ಎಲ್ಲರಿಗೂ ಕೇಳಿಸಿತು. ಯಾರಿಗೂ ಕಾಣಲಿಲ್ಲ.

ನವೆಂಬರ್ 26, ಬುಧವಾರ. 8.10, ರೈಲಿನಲ್ಲಿ

ರೈಲಿನ ಟ್ಯೂಬ್‌ಲೈಟೂ ಗುಂಯ್ ಎನ್ನುತ್ತದೆ. ಫ್ರಿಜ್ಜು. ಸೋಬಾ ನೂಡಲ್ಸ್ ಅಂಗಡಿಯ ಫ್ಯಾನು. ಎಲ್ಲೆಲ್ಲೂ ಕುಶಿದಾ.

ನವೆಂಬರ್ 28, ಶುಕ್ರವಾರ. ಮಧ್ಯಾಹ್ನ 1.10

214ರ ಬಣ್ಣ ಸರಿಮಾಡಿದೆ. ಹಸಿರು ತೆಗೆದೆ.

ಬೆಳಕು ಆರುವುದು 192ನೇ ಫ್ರೇಮಿನಲ್ಲಿ. ಅವನ ಟಕ್, ಅವನ ಗುಂಯ್ ನಿಲ್ಲುವುದು ಎರಡೂ 192ಕ್ಕೆ ಗಂಟು ಬಿದ್ದಿವೆ.

184ಕ್ಕೆ ತಂದೆ.

ನಾಗಿಯ ಕೈಯನ್ನು ಮುಟ್ಟಲಿಲ್ಲ. ಬೆಳಕನ್ನು ಮಾತ್ರ. ಕೈ ದಾರ ಎಳೆಯುತ್ತಿರುವಾಗಲೇ ಕತ್ತಲಾಗುತ್ತದೆ. ಎಂಟು ಫ್ರೇಮ್ — ಒಂದು ಸೆಕೆಂಡಿನ ಮೂರನೇ ಒಂದು ಭಾಗ. ಸದ್ದು ತಡವಾಗಿ ಬಂತು, ಶಬ್ದದವರು ಎಡವಿದ್ದಾರೆ ಎಂದು ಅನ್ನಿಸುವಷ್ಟು. ಅಷ್ಟೇ.

ರೀಟೇಕ್ ಹಾಳೆಯಲ್ಲಿ "ಬಣ್ಣ ತಿದ್ದಿದೆ" ಎಂದು ಬರೆದೆ. ಸುಳ್ಳಲ್ಲ.

ಊಟಕ್ಕೆ ಸಾಮನ್ ಮೀನಿಟ್ಟ ಅನ್ನದ ಉಂಡೆ, ಓನಿಗಿರಿ. ಒಂದು ತಿಂದೆ. ಇನ್ನೊಂದು ಹಾಗೇ ಇದೆ.

ಡಿಸೆಂಬರ್ 1, ಸೋಮವಾರ. 5.20

ಕೊನೆಯ ಜೋಡಣೆ. ಹೊಸ ಶಾಟುಗಳನ್ನು ಹಳೆಯವುಗಳ ಜಾಗದಲ್ಲಿ ಕೂರಿಸುತ್ತಾರೆ. ಇಲ್ಲಿ ಚಿತ್ರ ಮಾತ್ರ ನೋಡುವುದು, ಸದ್ದು ಇಲ್ಲ. ಅಸಾಬಾ 214 ನೋಡಿ "ಹಸಿರು ಹೋಯ್ತು, ಚೆನ್ನಾಗಿದೆ" ಎಂದರು. ಮುಂದಿನದಕ್ಕೆ ಹೋದರು.

ಹನ್ನೊಂದನೇ ಕಂತಿನಲ್ಲಿ ಅವರು ನನಗೆ ಹೇಳಿದ ಮೊದಲ "ಚೆನ್ನಾಗಿದೆ" ಅದು. ಆ ಶಾಟಿಗೇ ಹೇಳಬೇಕೆ.

ಡಿಸೆಂಬರ್ 3, ಬುಧವಾರ. 11.30

ಹನ್ನೆರಡು ಗಂಟೆಯವರೆಗೆ ಶಾಟ್ ಬದಲಿಸಬಹುದು. ಹಿರುಕಾವಾ-ಸಾನ್ ಬಂದು ಕೇಳಿದರು: "ಏನಾದ್ರೂ ಇದ್ಯಾ? ಈಗ ಹೇಳಿ. ಆಮೇಲೆ ನನ್ನ ಕಾಲು ಹಿಡ್ಕೊಂಡ್ರೂ ಆಗಲ್ಲ."

ಸರಿಯಾದ 214 ನನ್ನ ಹತ್ತಿರವೇ ಇದೆ. ಫೈಲ್ ಹೆಸರಿನ ಕೊನೆಯ ಒಂದು ಅಂಕಿ ಬದಲಿಸಿದರೆ ಸಾಕು.

"ಏನೂ ಇಲ್ಲ" ಎಂದೆ.

11.58

ಏನೂ ಇಲ್ಲ.

ಡಿಸೆಂಬರ್ 5, ಶುಕ್ರವಾರ. ಸಂಜೆ 5.00

ಸಿಬ್ಬಂದಿಗೆ ತೋರಿಸುವ ಪ್ರದರ್ಶನ. ಮಧ್ಯಾಹ್ನ ಎರಡಕ್ಕೆ, ಮೂರನೇ ಮಹಡಿಯ ಸಣ್ಣ ಕೋಣೆಯಲ್ಲಿ. ಇಪ್ಪತ್ತೇಳು ಜನ. ನಾನು ಬಾಗಿಲ ಹತ್ತಿರ. ಕುಶಿದಾ ನನ್ನ ಎರಡು ಸಾಲು ಮುಂದೆ.

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

214. ನಾಗಿಯ ಬೆನ್ನು. ಕೈ ಮೇಲೆ ಹೋಯಿತು. ಕತ್ತಲಾಯಿತು. ಕತ್ತಲಲ್ಲಿ ಟ್ಯೂಬ್‌ಲೈಟ್ ಇನ್ನೂ ಗುಂಯ್ ಎನ್ನುತ್ತಿತ್ತು. ಆಮೇಲೆ — ಟಕ್. ಆಮೇಲೆ ಏನೂ ಇಲ್ಲ.

ಕುಶಿದಾನ ಬೆನ್ನು ನೆಟ್ಟಗಾಯಿತು. ಅವನೊಬ್ಬನಿಗೆ ತಿಳಿಯಿತು, ನನಗೆ ಗೊತ್ತು. ಉಳಿದವರಿಗೆ ಎಡವಿದಂತೆ ಕಾಣಬೇಕಿತ್ತು.

ಬಣ್ಣದ ವಿಭಾಗದ ಹೆಂಗಸು ಬಿಕ್ಕಿದಳು. ಅವಳ ಪಕ್ಕದವರೂ. ಕಂತು ಮುಗಿಯಿತು, ದೀಪ ಹಾಕಿದರು. ಅಸಾಬಾ ಎದ್ದು ನಿಂತರು, ಕನ್ನಡಕ ಕೈಯಲ್ಲಿತ್ತು.

"ಕುಶಿದಾ! ಯಾವಾಗ ಮಾಡ್ದೆ ಅದನ್ನ? ಬೆಳಕು ಹೋಯ್ತು, ಸದ್ದು ಇನ್ನೂ ಇದೆ. ಅಂಗಡಿ ಮುಚ್ತು, ಅಣ್ಣ ಇನ್ನೂ ಅಲ್ಲೇ ಇದಾನೆ. ಒಂದು ಉಸಿರು ಅಷ್ಟೇ. ಆಮೇಲೆ ಹೋದ. ನಂಗೆ ಹೇಳ್ದೆ ಮಾಡಿದೀಯಲ್ಲೋ, ಕಳ್ಳ."

ಅವನಿಗೆ! ಅದನ್ನೂ ಅವನಿಗೇ ಕೊಟ್ಟರು. ಅವನ ಮೇಲಿನ ಹೊಟ್ಟೆಕಿಚ್ಚಿನಿಂದ ನಾನು ಮಾಡಿದ ತಪ್ಪನ್ನೂ ಎತ್ತಿ ಅವನ ತಲೆಗೇ ಹೂವಿನ ಹಾಗೆ ಮುಡಿಸಿದರು. ಆ ಕ್ಷಣ ನನಗೆ ಭಯವಾಗಲಿಲ್ಲ. ಹೊಟ್ಟೆ ಉರಿಯಿತು. ಎದ್ದು ನಿಂತು "ನಂದು" ಎಂದು ಕೂಗಬೇಕೆನಿಸಿತು. ಯಾವ ಬಾಯಿಂದ?

ಕುಶಿದಾ ತಲೆ ಕೆರೆದುಕೊಂಡ.

"ನಂದಲ್ಲ ಡೈರೆಕ್ಟ್ರೇ. ನಾನು ಕೊಟ್ಟಿದ್ರಲ್ಲಿ ಎರಡೂ ಒಟ್ಟಿಗೇ ಇತ್ತು. ಚಿತ್ರ ಮುಂದೆ ಬಂದಿದೆ. ಏಳೋ ಎಂಟೋ ಫ್ರೇಮು."

ಇಪ್ಪತ್ತಾರು ತಲೆಗಳು ನನ್ನ ಕಡೆ ತಿರುಗಿದವು.

"ತೊಬಾರಿ," ಅಸಾಬಾ ಎಂದರು.

"ಎಂಟು," ಎಂದೆ.

"ಯಾರನ್ನ ಕೇಳಿ ಮಾಡ್ದೆ?"

"ಯಾರನ್ನೂ ಕೇಳ್ಲಿಲ್ಲ."

ಹಿರುಕಾವಾ-ಸಾನ್ ಮೆಲ್ಲನೆ "ಬಣ್ಣ ಅಂತ ಬರ್ದಿತ್ತಲ್ರೀ ಹಾಳೇಲಿ" ಎಂದರು. ಅದು ದೂರಲ್ಲ. ನಂಬಲಾಗದೆ ಹೇಳಿದ್ದು.

ಇಷ್ಟಕ್ಕೇ ಜನರನ್ನು ಮನೆಗೆ ಕಳಿಸಿದ್ದನ್ನು ನೋಡಿದ್ದೇನೆ. ನಾನೇ ಒಬ್ಬನನ್ನು ಕಳಿಸಿದ್ದೆ, ಎರಡು ಫ್ರೇಮಿಗೆ.

ಅಸಾಬಾ ಕನ್ನಡಕ ಹಾಕಿಕೊಂಡರು. "ಇನ್ನೊಂದ್ಸಲ ಹಾಕಿ ಅದನ್ನ." ಹಾಕಿದರು. ಇನ್ನೊಂದು ಸಲ. ನಾಲ್ಕು ಸಲ ಬೆಳಕು ಆರಿತು. ನಾಲ್ಕನೆಯದರಲ್ಲಿ ಅವರು ಹಣೆ ಕೆರೆದುಕೊಂಡರು.

"ಹೀಗೇ ಇರ್ಲಿ. ತೊಬಾರಿ, ಮುಂದಿನ ಸಲ ಹೇಳು. ಹೇಳಿದ್ರೆ ಬೇಡ ಅಂತಿದ್ದೆ, ಅದು ಬೇರೆ ಮಾತು. ಆದ್ರೂ ಹೇಳು."

ಎಲ್ಲರೂ ನಕ್ಕರು. ಕುಶಿದಾ ಹಿಂತಿರುಗಿ ನನಗೆ ತಲೆಬಾಗಿಸಿದ. ಚಿಕ್ಕದಾಗಿ, ಸರಿಯಾಗಿ. ಅವನ ಮುಖದಲ್ಲಿ ಒಂದಿಷ್ಟು ಸಿಟ್ಟಾದರೂ ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಡಿಸೆಂಬರ್ 8, ಸೋಮವಾರ. 10.45

ಅಸಾಬಾ ಕರೆದರು. ಸಿನಿಮಾ ಪಟ್ಟಿಯ ಖಾಲಿ ಜಾಗದಲ್ಲಿ ನನ್ನ ಹೆಸರು. ಪೆನ್ಸಿಲಿನಲ್ಲಿ.

"ಪೆನ್ಸಿಲ್ ಯಾಕಂದ್ರೆ," ಎಂದರು, "ಇದುವರೆಗೆ ನೀನು ನಾನು ಹೇಳಿದ್ದನ್ನ ಚೆನ್ನಾಗಿ ಮಾಡ್ಕೊಟ್ಟಿದೀಯ. ತುಂಬಾ ಚೆನ್ನಾಗಿ. ಅದು ಸಿನಿಮಾಕ್ಕೆ ಸಾಲಲ್ಲ. 214ರಲ್ಲಿ ಮೊದಲನೇ ಸಲ ನಾನು ಹೇಳ್ದೇ ಇದ್ದಿದ್ದನ್ನ ಮಾಡ್ದೆ. ಅದು ಬೇಕು ನಂಗೆ. ಸಿನಿಮಾದ ಮೊದಲನೇ ದೃಶ್ಯ ಮಾಡಿ ತೋರ್ಸು. ಚಿತ್ರ ಒಂದು ಹೆಜ್ಜೆ ಮುಂದೆ, ಸದ್ದು ಒಂದು ಹೆಜ್ಜೆ ಹಿಂದೆ. ಕುಶಿದಾ ಜೊತೆ ಕೂತು ಮಾಡು. ಹದಿನೆಂಟಕ್ಕೆ ನೋಡ್ತೀನಿ, ಮಧ್ಯಾಹ್ನ ಎರಡಕ್ಕೆ. ಸರಿಹೋದ್ರೆ ಪೆನ್ನಲ್ಲಿ ಬರೀತೀನಿ."

"ಸರಿಹೋಗದಿದ್ರೆ?"

"ಯಾಕೆ ಹೋಗಲ್ಲ? ಒಂದ್ಸಲ ಮಾಡಿದೀಯಲ್ಲ."

ಹನ್ನೊಂದು ವರ್ಷ ಎಚ್ಚರದಿಂದ ಮಾಡಿದ್ದು ಸಾಲಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಕೈಯಲ್ಲಿ ಓನಿಗಿರಿ ಹಿಡಿದು, ಇನ್ನೊಬ್ಬನ ಕಾಲೆಳೆಯಲು ಮಾಡಿದ್ದು ಸಾಕಾಯಿತು.

ಡಿಸೆಂಬರ್ 12, ಶುಕ್ರವಾರ. 4.00

ಮೊದಲ ದೃಶ್ಯ: ಬೇಸಿಗೆ, ಶಾಲೆಯ ಈಜುಕೊಳ. ನೀರೆಲ್ಲ ಖಾಲಿ ಮಾಡಿದ್ದಾರೆ. ಒಬ್ಬ ಟೀಚರ್ ಕೊಳದ ತಳದಲ್ಲಿ ನಿಂತು ಬಕೆಟ್ಟು ಬೀಳಿಸುತ್ತಾಳೆ. ಬಕೆಟ್ಟು ನೆಲ ಮುಟ್ಟುವುದು, ಅದರ ಸದ್ದು.

ಸದ್ದು ಎಂಟು ಫ್ರೇಮ್ ತಡವಾಗಿ — ತಪ್ಪಾಗಿ ಕಾಣುತ್ತದೆ. ಆರು — ತಪ್ಪು. ಹತ್ತು — ದೂರದಿಂದ ನೋಡಿದಂತೆ, ಅಷ್ಟೇ. ಹನ್ನೆರಡು — ಟಿ.ವಿ. ಕೆಟ್ಟಂತೆ. ಕ್ಯಾಮೆರಾ ಹಿಂದೆ ಸರಿಸಿದೆ. ನೆರಳು ಮೊದಲು ಬೀಳಿಸಿದೆ. ಒಂಬತ್ತು ಬಗೆ ಆಯಿತು. ಎಲ್ಲ ಅಚ್ಚುಕಟ್ಟು. ಎಲ್ಲ ಹೆಣ.

ಡಿಸೆಂಬರ್ 16, ಮಂಗಳವಾರ. 2.30

ಹದಿನಾಲ್ಕು ಬಗೆ.

ಅಕ್ಕನಿಗೆ ಫೋನ್ ಮಾಡಿದೆ. ಸಿನಿಮಾ ಸಿಗಬಹುದು ಎಂದೆ.

"ಸಿಗ್ಬಹುದು ಅಂದ್ರೆ? ಕೊಟ್ಟಿದಾರೋ ಇಲ್ವೋ?"

"ಒಂದು ಸಲ ಮಾಡಿದ್ದನ್ನ ಇನ್ನೊಂದು ಸಲ ಮಾಡಿ ತೋರಿಸ್ಬೇಕು."

"ಮಾಡಿದ್ದೇ ತಾನೇ, ಏನ್ ಕಷ್ಟ? ನಾನು ದಿನಾ ಅದೇ ಮೀನು ಹುರೀತೀನಿ."

"ಮೊದಲನೇ ಸಲ ಹೇಗೆ ಮಾಡ್ದೆ ಅಂತ ಗೊತ್ತಿಲ್ಲ ಅಕ್ಕ."

"ಗೊತ್ತಿರುತ್ತೆ ಕಣೇ ನಿಂಗೆ," ಎಂದಳು. "ಚಿಕ್ಕೋಳಿದ್ದಾಗಿಂದ ನೋಡಿದೀನಿ. ಗೊತ್ತಿಲ್ಲ ಅಂದಾಗೆಲ್ಲ ಗೊತ್ತಿರುತ್ತೆ."

ಡಿಸೆಂಬರ್ 18, ಗುರುವಾರ. 12.20

ಬೆಳಿಗ್ಗೆ ಹತ್ತರಿಂದ ಕುಶಿದಾ ಜೊತೆ, ಅವನ ಕೋಣೆಯಲ್ಲಿ. ಮೊದಲ ಸಲ ಬಂದಿದ್ದೇನೆ. ಕಪಾಟಿನ ತುಂಬ ಚಪ್ಪಲಿ, ಬೀಗ, ಒಣಗಿದ ಎಲೆ, ಒಡೆದ ಛತ್ರಿ. ಎಲ್ಲವೂ ಸದ್ದು ಮಾಡುವವು. ಬಕೆಟ್ಟು ಏಳಿವೆ. ಏಳನ್ನೂ ಬೀಳಿಸಿ ಮುದ್ರಿಸಿದ್ದಾನೆ.

ಹದಿನಾಲ್ಕು ಬಗೆಯನ್ನೂ ಅವನು ನೋಡಿದ. ಕಣ್ಣು ಬಿಟ್ಟುಕೊಂಡು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿ.

"ಎಲ್ಲ ಸರಿಯಾಗಿದೆ," ಎಂದ.

"ಗೊತ್ತು."

"ಅದೇ ತೊಂದ್ರೆ ಅನ್ಸುತ್ತೆ. 214ರಲ್ಲಿ ಏನೋ ಒಂದು... ಹೇಗೆ ಹೇಳ್ಲಿ. ಚಿತ್ರಕ್ಕೆ ಸದ್ದಿನ ಮೇಲೆ ಸಿಟ್ಟಿತ್ತು. ಕಾಯಲ್ಲ ನಾನು ನಿನಗೆ ಅಂತ ಮುಂದೆ ಹೋಗಿಬಿಡ್ತು. ಅದಕ್ಕೇ ಆ ಸದ್ದು ಅಷ್ಟು ಒಂಟಿಯಾಗಿ ಕೇಳಿಸ್ತು. ಇದ್ರಲ್ಲಿ ಚಿತ್ರ ಸದ್ದಿಗೆ ದಾರಿ ಬಿಡ್ತಿದೆ. ಬನ್ನಿ ಬನ್ನಿ ಅಂತ."

ಬಕೆಟ್ಟುಗಳ ಕಡೆ ನೋಡಿದೆ. ಅವನು ನಕ್ಕ.

"ಒಂದು ಹೇಳ್ಲಾ? ನಗ್ಬಾರ್ದು ನೀವು. ಆ ಶುಕ್ರವಾರ ನೋಡಿ ಮನೆಗೆ ಹೋದ್ನಲ್ಲ, ಮೂರು ದಿನ ಒಂದು ಕೆಲಸಾನೂ ಮಾಡಕ್ಕಾಗ್ಲಿಲ್ಲ. ಹೊಟ್ಟೆಕಿಚ್ಚು. ನಾನು ಮೂರು ಅಂಗಡಿ ಸುತ್ತಿ ತಂದ ಸದ್ದನ್ನ ನೀವು ಕೂತಲ್ಲೇ ಎಂಟು ಫ್ರೇಮಲ್ಲಿ ನಂಗಿಂತ ಚೆನ್ನಾಗಿ ಕೇಳಿಸಿಬಿಟ್ರಿ. ನನ್ನ ಹೆಂಡ್ತಿ ಹತ್ರ ಬೈದೆ ನಿಮ್ಮನ್ನ. ಸಾರಿ."

ಚಳಿಗಾಲದ ಜಾಕೆಟ್ ಕಳಚಿದಷ್ಟು ಹಗುರವಾಗಿ ಹೇಳಿದ. ಹೆಂಡತಿಗೆ ಹೇಳಿಕೊಂಡು, ನನಗೂ ಹೇಳಿ ಮುಗಿಸಿದ. ನಾನು ಒಂದೂವರೆ ತಿಂಗಳು ಈ ಪುಸ್ತಕದಲ್ಲಿ ಬಚ್ಚಿಟ್ಟು ಸಾಕಿದ್ದನ್ನು! ಹೊಟ್ಟೆಕಿಚ್ಚನ್ನೂ ನನಗಿಂತ ಚೆನ್ನಾಗಿ ಪಡುತ್ತಾನೆ ಈ ಮನುಷ್ಯ.

"ಆವತ್ತು ಏನಿತ್ತು ನಿಮ್ಮ ತಲೇಲಿ?" ಎಂದು ಕೇಳಿದ. "ನಿಜವಾಗ್ಲೂ ಕೇಳ್ತಿದೀನಿ. ಆ ಎಂಟು ಫ್ರೇಮ್ ಸರಿಸುವಾಗ. ಅದು ಗೊತ್ತಾದ್ರೆ ಈ ಬಕೆಟ್ಟಿಗೆ ಏನ್ ಮಾಡ್ಬೇಕು ಅಂತ ನಂಗೂ ಗೊತ್ತಾಗುತ್ತೆ. ಇಲ್ದಿದ್ರೆ ಎರಡು ಗಂಟೆಗೆ ಡೈರೆಕ್ಟ್ರಿಗೆ ಏನು ತೋರ್ಸೋದು?"

ಊಟ ಮಾಡಿ ಬಂದು ಹೇಳುತ್ತೇನೆ ಎಂದೆ.

1.25

ಊಟ ಮಾಡಿಲ್ಲ. ಅವನ ಕೋಣೆಯಲ್ಲೇ ಇದ್ದೇನೆ, ಅವನು ಹೊರಗೆ ಹೋಗಿದ್ದಾನೆ.

ಸುಳ್ಳು ಹೇಳಬಹುದು. ಅಣ್ಣ ಇನ್ನೂ ಹೋಗಿಲ್ಲ ಎಂದು ತೋರಿಸಬೇಕೆನಿಸಿತು ಎನ್ನಬಹುದು. ಅಸಾಬಾ ಹೇಳಿಕೊಟ್ಟಿದ್ದಾರಲ್ಲ, ಅದನ್ನೇ. ಅವನು ನಂಬುತ್ತಾನೆ. ನಂಬಿ ಆ ಸುಳ್ಳಿನ ಮೇಲೆ ಬಕೆಟ್ಟು ಬೀಳಿಸುತ್ತಾನೆ. ಹದಿನೈದನೆಯ ಹೆಣ. ಎರಡಕ್ಕೆ ಅಸಾಬಾ ರಬ್ಬರ್ ತೆಗೆಯುತ್ತಾರೆ.

ನಿಜ ಹೇಳಿದರೆ ದೃಶ್ಯ ಆಗಬಹುದು. ಅವನಿಗೆ ಕೇಳಿಸಿಕೊಳ್ಳಲು ಬರುತ್ತದೆ, ಕೇಳಿಸಿಕೊಂಡದ್ದರಿಂದ ಏನು ಮಾಡಬೇಕೆಂದೂ ಗೊತ್ತು. ಆದರೆ ಆಮೇಲೆ ಎರಡು ವರ್ಷ ಪಕ್ಕ ಪಕ್ಕ ಕೂತು ಸಿನಿಮಾ ಮಾಡಬೇಕು, ನಾನು ಏನು ಮಾಡಿದೆನೆಂದು ತಿಳಿದಿರುವವನ ಜೊತೆ. ಅವನು ಕ್ಷಮಿಸಿಬಿಡುತ್ತಾನೆ. ಅದೇ ನನಗೆ ತಡೆಯಲಾಗದ್ದು. ಅದರಲ್ಲೂ ನನಗಿಂತ ಮುಂದೆ ಹೋಗುತ್ತಾನೆ.

1.40

ಸಿನಿಮಾ ಬೇಕು ನನಗೆ.

ಹೇಳಬೇಕಾದ್ದನ್ನು ಮೊದಲು ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಬಾಯಿ ಬಿಟ್ಟಾಗ ಬೇರೇನೋ ಬರುತ್ತದೆ.

ಕುಶಿದಾ-ಸಾನ್, ಆವತ್ತು ನನ್ನ ತಲೆಯಲ್ಲಿ ನಾಗಿ ಇರಲಿಲ್ಲ. ಅವಳ ಅಣ್ಣನೂ ಇರಲಿಲ್ಲ. ನೀವಿದ್ದಿರಿ. ಆ ಸದ್ದು ಕೇಳಿ ಎಲ್ಲರ ಹಾಗೆ ನನಗೂ ಅಳು ಬಂದಿತ್ತು, ಅದಕ್ಕೇ ಅದು ತಪ್ಪಾಗಿ ಕೇಳಿಸಲಿ ಎಂದು, ನೀವು ಎಲ್ಲರ ಮುಂದೆ ಎಡವಲಿ ಎಂದು —

ಮೆಟ್ಟಿಲ ಮೇಲೆ ಅವನ ಹೆಜ್ಜೆ. ಬಂದ. "ಊಟ ಆಯ್ತಾ?" ಎಂದು ಕೇಳುತ್ತಿದ್ದಾನೆ. ಇಲ್ಲ, ಕೂತ್ಕೊಳ್ಳಿ, ಒಂದು ಮಾತು ಎಂದೆ. ಕೂತ. ಬರೆಯುತ್ತಿರುವುದನ್ನು ನೋಡುತ್ತಿದ್ದಾನೆ. ಈಗ ತಲೆಯೆತ್ತಿ ಹೇಳುತ್ತೇನೆ.